ಜಗಲಿಯ ಮೇಲೆ ಹದಿನಾಲ್ಕು ಅಡಿಕೆ

2025ರ ಆಗಸ್ಟ್ 29, ಶುಕ್ರವಾರ. ಚೌತಿ ಕಳೆದು ಎರಡು ದಿನ. ಕಾಣಿಯೂರಿನ ಒಂದು ತೋಟದ ಮನೆಯ ಜಗಲಿಯಲ್ಲಿ, ಸಂಜೆಯ ಚಹಾ ಮುಗಿದ ಮೇಲೆ, ನಡುವಯಸ್ಸಿನ ಕೃಷಿಕರೊಬ್ಬರು ಕೆಂಪು ಸಿಮೆಂಟಿನ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದರು. ಮೊದಲು ನಡುಗೆರೆ. ಅದರ ಆಚೀಚೆ ಬಾಕ್ ಲೈನ್, ಇನ್ನೂ ಆಚೆ ಬೋನಸ್ ಲೈನ್. ಆಮೇಲೆ ಅಂಗಳದ ಬದಿಯಿಂದ ಏಳು ಹಸಿ ಅಡಿಕೆ, ಅಟ್ಟದ ಗೋಣಿಯಿಂದ ಏಳು ಒಣಗಿದ ಗೋಟು ತಂದರು. ಹಸಿ ಅಡಿಕೆ ಬೆಂಗಳೂರು ಬುಲ್ಸ್, ಗೋಟು ಪುಣೇರಿ ಪಲ್ಟನ್. ಪ್ರೊ ಕಬಡ್ಡಿಯ ಹನ್ನೆರಡನೆಯ ಆವೃತ್ತಿ ಅಂದು ರಾತ್ರಿ ವಿಶಾಖಪಟ್ಟಣದಲ್ಲಿ ಶುರುವಾಗಲಿತ್ತು. ಎಂಟು ಗಂಟೆಗೆ ತೆಲುಗು ಟೈಟನ್ಸ್ ಮತ್ತು ತಮಿಳ್ ತಲೈವಾಸ್. ಒಂಬತ್ತಕ್ಕೆ ಬುಲ್ಸ್.

ಎದುರಿಗೆ ಕೂತದ್ದು ತಂಗಿಯ ಮಗ. ಪುತ್ತೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಹುಡುಗ, ಹಬ್ಬಕ್ಕೆ ಬಂದವ ಮೊದಲ ಪಂದ್ಯ ಮಾವನ ಜೊತೆಗೇ ನೋಡುತ್ತೇನೆಂದು ಉಳಿದುಕೊಂಡಿದ್ದ.

ಕಾಣಿಯೂರು ಉಡುಪಿಯ ಅಷ್ಟಮಠಗಳಲ್ಲೊಂದಕ್ಕೆ ಹೆಸರು ಕೊಟ್ಟ ಊರು. ಮಂಗಳೂರಿನಿಂದ ಸುಬ್ರಹ್ಮಣ್ಯದ ಕಡೆಗೆ ಹೋಗುವ ರೈಲು ಇಲ್ಲಿ ನಿಲ್ಲುತ್ತದೆ. ಹಿಂದೆ ಪುತ್ತೂರು ತಾಲೂಕಿನಲ್ಲಿತ್ತು, ಈಗ ಕಡಬಕ್ಕೆ ಸೇರಿದೆ. ಸುತ್ತ ಅಡಿಕೆ, ರಬ್ಬರು, ಗುಡ್ಡ, ಹೊಳೆ. ಆಗಸ್ಟ್ ತಿಂಗಳಲ್ಲಿ ಇಂಥ ಊರಿನ ಸಂಜೆಗಳು ಬಹಳ ಉದ್ದ. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಯಕ್ಷಗಾನ ಮೇಳಗಳು ಮತ್ತೆ ಹೊರಡುವುದು ನವೆಂಬರಿನಲ್ಲಿ. ಕಂಬಳದ ಕೋಣಗಳು ಕರೆಗೆ ಇಳಿಯುವುದೂ ಮಳೆಗಾಲ ಮುಗಿದ ಮೇಲೆಯೇ. ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳಿಗೂ ಅಂಗಳ ಒಣಗಬೇಕು. ಹಗಲೆಲ್ಲ ಮಳೆ ಹೊಳವಾಗುವುದನ್ನೇ ಕಾದು, ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಬೆರೆಸಿ ಅಡಿಕೆಗೆ ಮದ್ದು ಬಿಡುವವರಿಗೆ ರಾತ್ರಿ ಕಾಯಲು ಏನಾದರೊಂದು ಬೇಕಾಗುತ್ತದೆ. 2014ರ ಜುಲೈ 26ರಂದು ಮುಂಬೈಯಲ್ಲಿ ಎಂಟು ತಂಡಗಳೊಂದಿಗೆ ಶುರುವಾದ ಲೀಗು ಈ ಜಗಲಿಗೆ ಅಷ್ಟು ಬೇಗ ಒಗ್ಗಿಹೋದದ್ದಕ್ಕೆ ಮಳೆಗಾಲದ ಈ ಬರಿದಾದ ರಾತ್ರಿಗಳೂ ಒಂದು ಕಾರಣ.

ಇನ್ನೊಂದು ಕಾರಣ, ಆ ಪರದೆಯ ಮೇಲೆ ಇಲ್ಲಿಯವರೇ ಕಾಣಿಸಿಕೊಂಡದ್ದು. ಪುತ್ತೂರು ಕಡೆಯ ಪ್ರಶಾಂತ್ ಕುಮಾರ್ ರೈ ಅವರನ್ನು 2018ರಲ್ಲಿ ಯು.ಪಿ. ಯೋಧಾ ತಂಡ 79 ಲಕ್ಷ ರೂಪಾಯಿಗೆ ಕೊಂಡಾಗ ಸುದ್ದಿ ತೋಟದಿಂದ ತೋಟಕ್ಕೆ ಓಡಿತ್ತು. ಕಾರ್ಕಳದ ಸುಕೇಶ್ ಹೆಗ್ಡೆ 2017ರಲ್ಲಿ ಗುಜರಾತಿನ ಹೊಸ ತಂಡದ ನಾಯಕರಾಗಿದ್ದರು. ಲೀಗು ಹುಟ್ಟುವ ಮೊದಲೇ, 2012ರಲ್ಲಿ, ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ಮಹಿಳೆಯರ ವಿಶ್ವಕಪ್ ಗೆದ್ದ ಭಾರತ ತಂಡವನ್ನು ಮುನ್ನಡೆಸಿದ್ದರು. ಗುಡ್ಡದ ಬದಿಯ ಮಣ್ಣಿನ ಅಂಕಣದಲ್ಲಿ ಬಿದ್ದು ಎದ್ದ ಕಾಲುಗಳು ಎಲ್ಲಿಯವರೆಗೆ ಹೋಗಬಹುದೆಂದು ಈ ಊರುಗಳಿಗೆ ಕಣ್ಣಾರೆ ಗೊತ್ತು.

ಆದರೆ ಅದರಿಂದಲೇ ಅಭಿಮಾನಿಗೆ ಒಂದು ಸಂಕಟವೂ ಹುಟ್ಟಿಕೊಂಡಿತು. ಬುಲ್ಸ್ ರಾಜ್ಯದ ತಂಡ. ಊರಿನ ಹುಡುಗ ಬೇರೆ ರಾಜ್ಯದ ಜರ್ಸಿಯಲ್ಲಿ. ಇಬ್ಬರೂ ಎದುರುಬದುರಾದರೆ ಕೂಗುವುದು ಯಾರಿಗೆ? ಎಂಟನೆಯ ಆವೃತ್ತಿ ಬೆಂಗಳೂರಿನಲ್ಲೇ ನಡೆದರೂ ಕೊರೊನಾದಿಂದಾಗಿ ಒಳಗೆ ಒಬ್ಬ ಪ್ರೇಕ್ಷಕನಿಗೂ ಜಾಗ ಇರಲಿಲ್ಲ. 2022ರ ಫೆಬ್ರವರಿ 23ರಂದು ಸೆಮಿಫೈನಲಿನಲ್ಲಿ ದಬಂಗ್ ದೆಹಲಿ ಬುಲ್ಸನ್ನು 40-35ರಿಂದ ಸೋಲಿಸಿತು. ಎರಡೇ ದಿನ ಬಿಟ್ಟು ಫೈನಲಿನಲ್ಲಿ ಅದೇ ದೆಹಲಿ, ಪ್ರಶಾಂತ್ ರೈ ನಾಯಕತ್ವದ ಪಟ್ನಾ ಪೈರೇಟ್ಸನ್ನು 37-36ರಿಂದ, ಒಂದೇ ಒಂದು ಅಂಕದಿಂದ ಸೋಲಿಸಿತು. ಆ ವಾರ ಕಾಣಿಯೂರಿನ ಈ ಮನೆ ಎರಡು ಸಲ ಸೋತಿತ್ತು. ಮೊದಲು ರಾಜ್ಯಕ್ಕಾಗಿ, ಆಮೇಲೆ ಊರಿಗಾಗಿ. ಎರಡನೆಯದೇ ಹೆಚ್ಚು ನೋಯಿಸಿತೆಂದು ಆ ಕೃಷಿಕರು ಇವತ್ತಿಗೂ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಅಳಿಯನ ಲೆಕ್ಕ ಬೇರೆ. ಅವನು ಫೋನು ತೆರೆದು ಹಿಂದಿನ ಋತುವಿನ ಅಂಕಪಟ್ಟಿ ತೋರಿಸಿದ. ಬುಲ್ಸ್ 22 ಪಂದ್ಯ ಆಡಿ ಗೆದ್ದದ್ದು ಎರಡು. ಹನ್ನೆರಡು ತಂಡಗಳಲ್ಲಿ ಕೊನೆಯ ಸ್ಥಾನ. ಆ ಋತುವಿನ ಮೊದಲ ರಾತ್ರಿಯೇ, 2024ರ ಅಕ್ಟೋಬರ್ 18ರಂದು, ಹೈದರಾಬಾದಿನಲ್ಲಿ ಟೈಟನ್ಸ್ ಎದುರು 29-37ರ ಸೋಲು. ಅಂದು ಟೈಟನ್ಸಿನ ಮುಂದಾಳು ಪವನ್ ಸೆಹ್ರಾವತ್. 2019ರ ಜನವರಿ 5ರ ಫೈನಲಿನಲ್ಲಿ ಅರ್ಧ ಆಟಕ್ಕೆ ಹಿಂದೆ ಬಿದ್ದಿದ್ದ ಬುಲ್ಸನ್ನು ಮೇಲೆತ್ತಿ 38-33ರಿಂದ ಗೆಲ್ಲಿಸಿದ ಅದೇ ಪವನ್. ಆ 38 ಅಂಕಗಳಲ್ಲಿ 22 ಅವರೊಬ್ಬರದೇ. ಬುಲ್ಸಿಗೆ ಇದುವರೆಗೆ ಬಂದ ಕಪ್ಪು ಅದೊಂದೇ. ಈ ಸಲ ಪವನ್ ತಲೈವಾಸಿನಲ್ಲಿದ್ದರು. ಎಂಟು ಗಂಟೆಯ ಪಂದ್ಯದಲ್ಲಿ ಅವರನ್ನು ನೋಡಿ ಹಳೆಯ ಗಾಯ ನೇವರಿಸಿಕೊಂಡೇ ಒಂಬತ್ತು ಗಂಟೆಯ ಪಂದ್ಯಕ್ಕೆ ಕೂರಬೇಕಿತ್ತು.

“ಈ ಸಲ ದೊಡ್ಡ ರೈಡರ್ ಯಾರೂ ಇಲ್ಲ ಮಾವ,” ಎಂದ ಅಳಿಯ. “ಪರ್ದೀಪ್ ನರ್ವಾಲ್ ನಿವೃತ್ತಿ. ಆಶಿಶ್ ಮಲಿಕ್, ಆಕಾಶ್ ಶಿಂದೆ, ಇರಾನಿನ ಒಬ್ಬ ಅಲಿರೇಝಾ ಮಿರ್ಜಾಯಿಯನ್. ಎದುರಿಗೆ ನೋಡಿದ್ರೆ ಅಸ್ಲಂ ಇನಾಮ್ದಾರ್, ಪಂಕಜ್ ಮೋಹಿತೆ. ಅವರೆಲ್ಲ ಒಟ್ಟಿಗೇ ಆಡಿ ಪಳಗಿದವರು.”

ಮಾವ ಉತ್ತರ ಕೊಡಲಿಲ್ಲ. ಎರಡು ಹಸಿ ಅಡಿಕೆಗಳನ್ನು ಎತ್ತಿ ಅಂಕಣದ ಹಿಂಬದಿಯ ಎರಡು ಮೂಲೆಗಳಲ್ಲಿಟ್ಟರು. ಎಡಕ್ಕೆ ಅಂಕುಶ್ ರಾಠಿ, ಬಲಕ್ಕೆ ಯೋಗೇಶ್ ದಹಿಯಾ. ಇಬ್ಬರನ್ನೂ ಬುಲ್ಸ್ ಈ ಸಲದ ಹರಾಜಿನಲ್ಲಿ ಕೊಂಡಿತ್ತು. ಯೋಗೇಶ್ ಅವರಿಗೆ ಸುರಿದದ್ದು ಒಂದು ಕೋಟಿಗೂ ಮಿಕ್ಕಿ. ಅಂಕುಶ್ ತಮ್ಮ ಮೊದಲ ಋತುವಿನಲ್ಲೇ 89 ಟ್ಯಾಕಲ್ ಅಂಕ ಗಳಿಸಿ ಜೈಪುರಕ್ಕೆ 2022ರ ಕಪ್ಪು ತರಲು ನೆರವಾದ ಎಡ ಕಾರ್ನರ್.

ಈ ಕೃಷಿಕರೂ ಒಂದು ಕಾಲದಲ್ಲಿ ಊರಿನ ಯುವಕ ಮಂಡಲಕ್ಕೆ ಎಡ ಕಾರ್ನರ್ ಆಡಿದವರು. ಅವರ ಪಾಲಿಗೆ ಪಂದ್ಯದ ಮುನ್ನೋಟ ಶುರುವಾಗುವುದು ರೈಡರಿನಿಂದಲ್ಲ, ಮೂಲೆಯಿಂದ. ಪುರುಷರ ಅಂಕಣದ ಉದ್ದ 13 ಮೀಟರ್, ಅಗಲ 10. ನಡುಗೆರೆಯಿಂದ ಬಾಕ್ ಲೈನಿಗೆ 3.75 ಮೀಟರ್, ಅಲ್ಲಿಂದ ಬೋನಸ್ ಲೈನಿಗೆ ಇನ್ನೊಂದು ಮೀಟರ್. ಅದರಾಚೆ ಉಳಿಯುವುದು ಒಂದು ಮುಕ್ಕಾಲು ಮೀಟರ್, ಅಷ್ಟೆ. ಕಾರ್ನರ್ ಆಡುವವನ ಸಂಸಾರವೆಲ್ಲ ಆ ಒಂದು ಮುಕ್ಕಾಲು ಮೀಟರಿನೊಳಗೆ. ಆರು ಜನರಾದರೂ ಅಂಕಣದಲ್ಲಿದ್ದಾಗ ಮಾತ್ರ ರೈಡರಿಗೆ ಬೋನಸ್ ಸಿಗುತ್ತದೆ. ಅದಕ್ಕೂ ಒಂದು ಕಾಲು ಬೋನಸ್ ಗೆರೆಯ ಆಚೆ ಊರಿರಬೇಕು, ಹಿಂದಿನ ಕಾಲು ನೆಲ ಬಿಟ್ಟಿರಬೇಕು. ಎಂದರೆ ಅಂಕ ಗಳಿಸುವ ಆ ಕ್ಷಣದಲ್ಲಿ ರೈಡರ್ ಒಂಟಿ ಕಾಲಿನಲ್ಲಿರುತ್ತಾನೆ. ಕಾರ್ನರ್ ಮುನ್ನುಗ್ಗಬೇಕಾದದ್ದು ಆಗಲೇ. ಕಣ್ಣು ರೈಡರಿನ ಸೊಂಟದ ಮೇಲಿರಬೇಕು. ಕೈ ಹೋಗಬೇಕಾದದ್ದು ಕಾಲಿನ ಮಣಿಗಂಟಿಗೆ. ಎರಡೂ ಕೈಗಳಿಂದ ಗಂಟನ್ನು ಬಿಗಿಯಾಗಿ ಹಿಡಿದು, ಎದೆಯನ್ನು ನೆಲಕ್ಕೆ ಒತ್ತಿ, ಕಾಲನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ಅರ್ಧ ಕ್ಷಣ ಮೊದಲಾದರೆ ರೈಡರ್ ಕಾಲು ಎತ್ತಿ ಹಾರಿಬಿಡುತ್ತಾನೆ. ಅರ್ಧ ಕ್ಷಣ ತಡವಾದರೆ ತಲೆ ಮುಟ್ಟಿ ಹೊರಟುಹೋಗುತ್ತಾನೆ. ಮಾವ ಇದನ್ನು ಹೇಳುವಾಗ ಅವರ ಬೆರಳುಗಳು ತಾವಾಗಿಯೇ ಮಡಚಿಕೊಂಡವು. ಎಡಗೈಯ ಕಿರುಬೆರಳು ಪೂರ್ತಿ ಮಡಚುವುದಿಲ್ಲ. ಅದು ಯಾವುದೋ ಹಳೆಯ ಪಂದ್ಯಾಟದ ನೆನಪು.

“ಇಬ್ಬರೂ ಒಳ್ಳೆಯವರೇ. ಆದ್ರೆ ಒಟ್ಟಿಗೆ ಎಷ್ಟು ಆಡಿದ್ದಾರೆ? ಎಡದವ ಹೋದದ್ದು ನೋಡಿ ಬಲದವ ಎದ್ದು ಬರ್ಬೇಕು. ಅದು ಹರಾಜಲ್ಲಿ ಸಿಗುದಿಲ್ಲ ಮಾರಾಯ.”

ಮುನ್ನೋಟದ ಇನ್ನೊಂದು ತುದಿಯಲ್ಲಿದ್ದವರು ಬುಲ್ಸಿನ ಹೊಸ ಕೋಚ್ ಬಿ.ಸಿ. ರಮೇಶ್. 2001ರ ಅರ್ಜುನ ಪ್ರಶಸ್ತಿ ಪಡೆದ ಕನ್ನಡಿಗ. ಬುಲ್ಸ್ ಕಪ್ಪು ಗೆದ್ದಾಗ ಅದರ ತರಬೇತಿ ಬಳಗದಲ್ಲಿದ್ದರು. 2019ರಲ್ಲಿ ಬೆಂಗಾಲ್ ವಾರಿಯರ್ಸಿಗೆ ಕಪ್ಪು ಗೆಲ್ಲಿಸಿದರು. 2024ರ ಮಾರ್ಚ್ 1ರಂದು ಪುಣೇರಿ ಪಲ್ಟನ್ ಹರಿಯಾಣ ಸ್ಟೀಲರ್ಸನ್ನು 28-25ರಿಂದ ಸೋಲಿಸಿ ಮೊದಲ ಸಲ ಚಾಂಪಿಯನ್ ಆದಾಗಲೂ ಗುರು ಅವರೇ. ಮೊದಲ ಆವೃತ್ತಿಯಿಂದ ಹನ್ನೊಂದನೆಯದರವರೆಗೆ ಬುಲ್ಸಿನ ಜೊತೆಗಿದ್ದ ರಣಧೀರ್ ಸಿಂಗ್ ಸೆಹ್ರಾವತ್ ಅವರ ಜಾಗಕ್ಕೆ ಈಗ ರಮೇಶ್ ಬಂದಿದ್ದರು. ಮೊದಲ ಪಂದ್ಯದಲ್ಲೇ ಎದುರಾದದ್ದು ತಾವೇ ಕಟ್ಟಿ ಗೆಲ್ಲಿಸಿದ ಪಲ್ಟನ್. ಆಕಾಶ್ ಶಿಂದೆ ಕೂಡ ಅಲ್ಲಿ ಅವರ ಕೈಕೆಳಗೆ ಆಡಿದ ಹುಡುಗ.

“ಕೋಚ್ ಬದಲಾದ್ರೆ ಆಯ್ತಾ ಮಾವ? ಆಡುದು ಅವರಾ?”

“ಆಡುದು ಅವರಲ್ಲ. ಆದ್ರೆ ಅಸ್ಲಂ ಯಾವ ಕಾಲು ಮೊದ್ಲು ಇಡ್ತಾನೆ, ಪಂಕಜ್ ಯಾವಾಗ ತಿರುಗ್ತಾನೆ, ಅವರಿಗೆ ಗೊತ್ತುಂಟು. ಅವರಿಗೆ ಗೊತ್ತುಂಟು ಅಂತ ಪುಣೆಯವರಿಗೂ ಗೊತ್ತುಂಟು.”

ಋತುವಿನ ಮೊದಲ ಪಂದ್ಯದ ಬಗ್ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೇ ಎಂದು ಕೇಳುವವರಿದ್ದಾರೆ. ಉತ್ತರ ಅಮೆರಿಕದಲ್ಲಿ ಅಕ್ಟೋಬರ್ ಬಂದೊಡನೆ ಐಸ್ ಹಾಕಿ ಅಭಿಮಾನಿಗಳು ಹೀಗೆಯೇ ಚರ್ಚೆಗೆ ಕೂರುತ್ತಾರೆ. ಆದರೆ ಅಲ್ಲಿ ಒಂದು ತಂಡಕ್ಕೆ ಆ ಋತುವಿನಲ್ಲಿ 82 ಲೀಗ್ ಪಂದ್ಯಗಳು. ಒಂದು ಸೋತರೆ ತುಂಬಿಕೊಳ್ಳಲು ಇಡೀ ಚಳಿಗಾಲವಿದೆ. ಪ್ರೊ ಕಬಡ್ಡಿಯ ಹನ್ನೆರಡನೆಯ ಆವೃತ್ತಿಯಲ್ಲಿ ಒಂದು ತಂಡಕ್ಕೆ ಸಿಕ್ಕಿದ್ದು ಹದಿನೆಂಟೇ. ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿ ಬಿಟ್ಟರೆ ಬೇರೆಲ್ಲೂ ಪಂದ್ಯ ಇರಲಿಲ್ಲ. ಬೆಂಗಳೂರಿನ ಕಂಠೀರವ ಒಳಾಂಗಣಕ್ಕೂ ಇರಲಿಲ್ಲ. ಕಾಣಿಯೂರಿನಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ಒಂದು ಪಂದ್ಯ ನೋಡಿ ಬರುವ ಆಸೆಗೂ ಆ ವರ್ಷ ದಾರಿಯಿರಲಿಲ್ಲ. ಉಳಿದದ್ದು ಈ ಜಗಲಿ, ಈ ಹದಿನಾಲ್ಕು ಅಡಿಕೆ.

ನಿಯಮಗಳೂ ಬದಲಾಗಿದ್ದವು. ಗೆದ್ದರೆ ಎರಡು ಅಂಕ, ಸೋತರೆ ಸೊನ್ನೆ. ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಿಂದ ಸೋತವರಿಗೆ ಸಿಗುತ್ತಿದ್ದ ಒಂದು ಅಂಕ ಇನ್ನಿಲ್ಲ. ಪಂದ್ಯ ಸಮವಾದರೆ ಹಂಚಿಕೊಳ್ಳುವುದೂ ಇಲ್ಲ. ಲೀಗ್ ಪಂದ್ಯವಾದರೂ ಟೈಬ್ರೇಕರ್ ಆಡಿ ಇತ್ಯರ್ಥ ಮಾಡಿಕೊಳ್ಳಬೇಕು. ಅಳಿಯ ಅದನ್ನು ಹೊಸ ಸಂಗತಿಯೆಂಬಂತೆ ಓದಿ ಹೇಳಿದ. ಎರಡೂ ಕಡೆ ಏಳೇಳು ಜನ, ಔಟಾದರೂ ಯಾರೂ ಹೊರಗೆ ಹೋಗುವಂತಿಲ್ಲ, ಐದೈದು ರೈಡ್, ಬಾಕ್ ಲೈನೇ ಬೋನಸ್ ಲೈನ್.

ಮಾವನ ಮುಖ ಅರಳಿತು. ಇದು ಅವರ ಆಟ. ಊರ ಪಂದ್ಯಾಟಗಳಲ್ಲಿ ನಡುರಾತ್ರಿ ದಾಟಿ, ಟ್ಯೂಬ್‌ಲೈಟಿಗೆ ಹುಳ ಮುತ್ತಿ, ಮೈಕಿನವರ ಗಂಟಲು ಕಟ್ಟಿದ ಹೊತ್ತಿಗೆ ಸಮವಾದ ಪಂದ್ಯಗಳು ತೀರ್ಮಾನವಾಗುತ್ತಿದ್ದದ್ದು ಹೀಗೆಯೇ. ಬೋನಸ್ ಗೆರೆ ಒಂದು ಮೀಟರ್ ಮುಂದಕ್ಕೆ ಬಂದರೆ ಕಾರ್ನರಿನ ಜಾಗವೂ ಬದಲಾಗುತ್ತದೆ. ಹಿಂದಿನ ಗೆರೆಗೆ ಅಂಟಿ ನಿಂತರೆ ರೈಡರ್ ಬೋನಸ್ ತೆಗೆದುಕೊಂಡು ನಡೆದೇ ಹೋಗುತ್ತಾನೆ. ಆ ಐದು ರೈಡುಗಳಲ್ಲಿ ಕಾರ್ನರ್ ತನ್ನ ಮನೆ ಬಿಟ್ಟು ಒಂದು ಹೆಜ್ಜೆ ಮುಂದೆ ಬರುವ ಧೈರ್ಯ ಮಾಡಬೇಕು. ಬಂದರೆ ಹಿಂದೆ ಖಾಲಿ ಬಿಡುತ್ತಾನೆ, ಬಾರದಿದ್ದರೆ ಅಂಕ ಬಿಡುತ್ತಾನೆ. ಮಾವ ಇಷ್ಟನ್ನೂ ಅಡಿಕೆ ಸರಿಸಿ ಸರಿಸಿ ತೋರಿಸಿದರು. ಹುಡುಗ ಫೋನು ಕೆಳಗಿಟ್ಟು ಬಗ್ಗಿ ನೋಡಿದ.

ಎಂಟು ಗಂಟೆಗೆ ಒಳಗೆ ಟಿ.ವಿ. ಹಾಕಿದರು. ಮಾಡಿನ ಮೇಲೆ ಮಳೆ ಬಿಟ್ಟೂ ಬಿಡದೆ ಹೊಯ್ಯುತ್ತಿತ್ತು. ತಲೈವಾಸ್ 38-35ರಿಂದ ಗೆದ್ದಿತು. ಪವನ್ ನಕ್ಕದ್ದು ಕಂಡು ಮನೆಯಲ್ಲಿ ಯಾರೂ ಏನೂ ಹೇಳಲಿಲ್ಲ. ಒಂಬತ್ತಕ್ಕೆ ಬುಲ್ಸ್ ಬಂತು. ನಲವತ್ತು ನಿಮಿಷದ ಆಟ ಮುಗಿದಾಗ ಪರದೆಯ ಮೇಲೆ 32-32. ಹಳೆಯ ಲೆಕ್ಕದಲ್ಲಾದರೆ ಎರಡೂ ತಂಡಗಳು ಮೂರು ಮೂರು ಅಂಕ ಹಂಚಿಕೊಂಡು ಮನೆಗೆ ಹೋಗುತ್ತಿದ್ದವು. ಈಗ ಐದೈದು ರೈಡ್. ಸಂಜೆ ಜಗಲಿಯಲ್ಲಿ ಆಡಿದ ಮಾತು ರಾತ್ರಿ ವಿಶಾಖಪಟ್ಟಣದಲ್ಲಿ ನಿಜವಾಗುತ್ತಿತ್ತು. ಅಡಿಗೆಮನೆಯಿಂದ ಹೆಂಗಸರೂ ಬಂದು ಬಾಗಿಲಲ್ಲಿ ನಿಂತರು. ಮಾವ ಕುರ್ಚಿ ಬಿಟ್ಟು ನೆಲಕ್ಕಿಳಿದು, ಮೊಣಕಾಲೂರಿ, ಎಡ ಕಾರ್ನರ್ ನಿಲ್ಲುವ ಹಾಗೆಯೇ ಕೂತುಬಿಟ್ಟಿದ್ದರು.

ಟೈಬ್ರೇಕರನ್ನು ಪಲ್ಟನ್ 6-4ರಿಂದ ಗೆದ್ದಿತು.

ಹುಡುಗ ಸಿಟ್ಟಿನಿಂದ ಎದ್ದು ಕೈಕಾಲು ತೊಳೆಯಲು ಹೋದ. ಊಟಕ್ಕೆ ಎಲೆ ಹಾಕಿ ಕರೆದರು. ಮಾವ ಮೊದಲು ಜಗಲಿಗೆ ಹೋಗಿ ಲೈಟು ಹಾಕಿ ಆಕಾಶ ನೋಡಿದರು. ನಾಳೆ ಹೊಳವಾದರೆ ಕೆಳಗಿನ ತೋಟಕ್ಕೆ ಮದ್ದು ಬಿಡಬೇಕು. ಸೀಮೆಸುಣ್ಣದ ಗೆರೆಗಳು ಹಾಗೆಯೇ ಇದ್ದವು. ಇರಿಚಲು ಬಡಿದು ಬೋನಸ್ ಲೈನಿನ ಒಂದು ತುದಿ ಮಾತ್ರ ಅಳಿಸಿತ್ತು. ಅವರು ಕುಕ್ಕರುಗಾಲಿನಲ್ಲಿ ಕೂತು, ಎಡ ಮೂಲೆಯ ಹಸಿ ಅಡಿಕೆಯನ್ನು ಎತ್ತಿ, ನಾಲ್ಕು ಬೆರಳು ಮುಂದಕ್ಕೆ ಇಟ್ಟು, ಸ್ವಲ್ಪ ಹೊತ್ತು ನೋಡಿ, ಬಲ ಮೂಲೆಯದ್ದನ್ನೂ ಅಷ್ಟೇ ಮುಂದಕ್ಕೆ ತಂದರು.