ಮೋರ್ಯರ ಬೆಟ್ಟ

ಗಂಗಾವತಿಯ ಪಶ್ಚಿಮಕ್ಕೆ ಸುಮಾರು 10 ಕಿಲೋಮೀಟರ್ ದೂರದಲ್ಲಿ ಹಿರೇಬೆಣಕಲ್ ಎಂಬ ಗ್ರಾಮವಿದೆ. ಹಂಪೆಯನ್ನು ಕಣ್ತುಂಬ ನೋಡಿ ಮರಳುವ ಪ್ರವಾಸಿಗರಲ್ಲಿ ಈ ಕಡೆಗೆ ತಿರುಗುವವರು ವಿರಳ. ಇಲ್ಲಿ ಗಗನವನ್ನು ಮುಟ್ಟುವ ಗೋಪುರವಿಲ್ಲ, ಅರಸರ ಬಿರುದುಗಳನ್ನು ಹೊಗಳುವ ಶಾಸನವಿಲ್ಲ. ಆದರೆ ವಿಜಯನಗರದ ಅರಸರಿಗಿಂತ ಸಾವಿರದೈನೂರು ವರ್ಷಗಳಿಗೂ ಹಿಂದೆ ಈ ನಾಡಿನಲ್ಲಿ ಬಾಳಿದವರ ಕೈಕೆಲಸ ಇಲ್ಲಿನ ಬೆಟ್ಟದ ಮೇಲೆ ಇಂದಿಗೂ ನಿಂತಿದೆ.

ಕುರುಚಲು ಗಿಡಗಳನ್ನೂ ಹೆಬ್ಬಂಡೆಗಳನ್ನೂ ದಾಟಿ ಕಾಲ್ನಡಿಗೆಯಲ್ಲಿ ಏರಿದವನ ಮುಂದೆ ಒಮ್ಮೆಲೇ ಒಂದು ಶಿಲಾನಗರವೇ ತೆರೆದುಕೊಳ್ಳುತ್ತದೆ. ಮೂರು ಕಡೆ, ನಾಲ್ಕು ಕಡೆ ಚಪ್ಪಡಿಗಳನ್ನು ನೆಟ್ಟು, ಮೇಲೊಂದು ಭಾರಿ ಚಪ್ಪಡಿಯನ್ನು ಹೊದಿಸಿದ ಕೋಣೆಗಳು. ಕೆಲವು ಆಳೆತ್ತರವನ್ನು ಮೀರಿದರೆ, ಕೆಲವು ಮಗುವಿನ ಮೊಣಕಾಲಿಗೂ ಬಾರವು. ಹಲವು ಕೋಣೆಗಳ ಚಪ್ಪಡಿಯಲ್ಲಿ ದುಂಡನೆಯ ಕಿಂಡಿಯೊಂದನ್ನು ಕೊರೆದಿದ್ದಾರೆ. ಸುಮಾರು 50 ಎಕರೆ ನೆಲದಲ್ಲಿ ಇಂತಹ ಸ್ಮಾರಕಗಳು 400ರ ಆಸುಪಾಸಿನಲ್ಲಿವೆ. ಪಕ್ಕದಲ್ಲೇ ಕೊಳವೊಂದಿದೆ, ಕಲ್ಲು ತೆಗೆದ ಗಣಿಯೇ ನೀರು ನಿಂತು ಕೊಳವಾಯಿತು. ಎತ್ತರದ ಬಂಡೆಯೊಂದರ ಮೇಲೆ ನಗಾರಿಯಾಕಾರದ ಕಲ್ಲು ಕುಳಿತಿದೆ. ಬಡಿದರೆ ಅದರ ದನಿ ಬಹುದೂರ ಕೇಳಿಸುತ್ತದೆ.

ಸುತ್ತಲಿನ ಜನ ಇವನ್ನು 'ಮೋರ್ಯರ ಮನೆ'ಗಳೆಂದು ಕರೆಯುತ್ತಾರೆ. ಮೋರ್ಯರೆಂದರೆ ಹಿಂದೆಂದೋ ಇದ್ದ ಕುಳ್ಳರ ಜಾತಿಯಂತೆ. ಈ ಹೆಸರಿನಲ್ಲಿ ಮೌರ್ಯರ ನೆನಪನ್ನು ಕಾಣುವವರೂ ಉಂಟು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ 1931ರಲ್ಲಿ ಅಶೋಕನ ಶಾಸನಗಳು ದೊರೆತುದರಿಂದ ಆ ಊಹೆಗೆ ಆಸೆ ಹುಟ್ಟುವುದು ಸಹಜ. ಆದರೆ ಈ ಬೆಟ್ಟದ ಬಾಳು ಅಶೋಕನಿಗಿಂತ ಹಳೆಯದು. ಇಲ್ಲಿನ ಸ್ಮಾರಕಗಳನ್ನು ವಿದ್ವಾಂಸರು ಸುಮಾರು ಕ್ರಿ. ಪೂ. 800ರಿಂದ 200ರವರೆಗಿನ ಅವಧಿಗೆ ಸೇರಿಸುತ್ತಾರೆ. ಇವು ಕುಳ್ಳರ ವಾಸದ ಮನೆಗಳೂ ಅಲ್ಲ. ಗತಿಸಿದವರಿಗಾಗಿ ಬದುಕಿದ್ದವರು ಕಟ್ಟಿದ ಮನೆಗಳು.

1947ರಲ್ಲಿ ಮಾರ್ಟಿಮರ್ ವ್ಹೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದಾಗ ಇಂತಹ ಬೃಹತ್ ಶಿಲಾ ಸಮಾಧಿಗಳನ್ನು ಕಟ್ಟಿದವರ ಪರಿಚಯ ಸ್ಪಷ್ಟವಾಯಿತು. ಕಬ್ಬಿಣವನ್ನು ಬಳಸಬಲ್ಲವರು, ಕಪ್ಪು-ಕೆಂಪು ಬಣ್ಣದ ನುಣುಪು ಮಡಕೆಗಳನ್ನು ಮಾಡಬಲ್ಲವರು ಅವರು. ಅವರಿಗೆ ಲಿಪಿಯಿರಲಿಲ್ಲ, ಆದ್ದರಿಂದ ಅವರಲ್ಲಿ ಒಬ್ಬನ ಹೆಸರೂ ಉಳಿಯಲಿಲ್ಲ. ಆದರೂ ನೂರಾರು ಮಣ ತೂಗುವ ಕಲ್ಲನ್ನು ಎಬ್ಬಿಸಿ, ಸಾಗಿಸಿ, ನಿಲ್ಲಿಸಬೇಕಾದರೆ ಹಲವರ ಹೆಗಲು ಒಂದಾಗಬೇಕು. ಒಬ್ಬನ ಸಾವಿಗೆ ಊರೆಲ್ಲ ಹೆಗಲು ಕೊಟ್ಟ ಸಮಾಜ ಅದು.

ಭಾರತದ ಪ್ರಾಚೀನತೆಯೆಂದೊಡನೆ ನೆನಪಾಗುವುದು ವೇದಗಳು, ಸಿಂಧೂ ಕಣಿವೆಯ ನಗರಗಳು. ಆದರೆ ಹಲವು ಪ್ರಾಚೀನ ಜನಧಾರೆಗಳು ಬೆರೆತು ಇಂದಿನ ಭಾರತೀಯರಾದರೆಂದು ತಳಿವಿಜ್ಞಾನ ಹೇಳುತ್ತಿದೆ. ಆಗ ಬೆಟ್ಟದ ಮೇಲಿನ ಈ ಅನಾಮಿಕರನ್ನು ಯಾರೋ ಅನ್ಯ ಕುಳ್ಳರೆಂದು ದೂರವಿಡುವುದು ಸಲ್ಲದು. ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆಯಿಡುವ ಮನೆಗಳಿಗೆ ಆ ದುಂಡು ಕಿಂಡಿಗಳ ಹಿಂದಿನ ಮನಸ್ಸು ಅಪರಿಚಿತವೆನಿಸಲಾರದು.

2021ರಲ್ಲಿ ಹಿರೇಬೆಣಕಲ್ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ಎಷ್ಟೋ ಕೋಣೆಗಳು ಈಗಾಗಲೇ ಕುಸಿದಿವೆ. ಹಂಪೆಗೆ ಹೋಗುವವರು ಒಂದು ಮುಂಜಾನೆಯನ್ನು ಈ ಬೆಟ್ಟಕ್ಕೂ ಮೀಸಲಿಡಬೇಕು. ಅಲ್ಲಿರುವುದು ಅರಸರ ವೈಭವವಲ್ಲ; ಹೆಸರಿಲ್ಲದ ಹಿರಿಯರ ನೆಲೆ.