ಕಂಕುಳಲ್ಲಿ ಕೂಸು

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರೆಂಬ ಗಾದೆಯನ್ನು ಚಿಕ್ಕಂದಿನಿಂದಲೂ ಕೇಳುತ್ತ ಬಂದಿದ್ದೇನೆ. ಆ ಗಾದೆ ನನ್ನಂಥವನನ್ನು ಕಂಡೇ ಹುಟ್ಟಿರಬೇಕೆಂದು ಮನವರಿಕೆಯಾದದ್ದು ಮಾತ್ರ ಕಳೆದ ವರ್ಷ, ಗಣಕಯಂತ್ರದ ಮುಂದೆ ಕುಳಿತಾಗ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಗಣಕದ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮ ಹೋಬಳಿಯ ಮಳೆಯ ಅಂಕಿಗಳನ್ನೂ ರಾಗಿಯ ಧಾರಣೆಯನ್ನೂ ಹೋಲಿಸಿ ನಾನೊಂದು ಪ್ರಬಂಧವನ್ನು ಒಪ್ಪಿಸಬೇಕಾಗಿತ್ತು. ಅದಕ್ಕೆ ಪೈಥಾನ್ ಎಂಬ ಭಾಷೆ ಅನುಕೂಲವೆಂದು ಅಧ್ಯಾಪಕರು ಹೇಳಿದರು. ಅಪ್ಪ ಕಡಸೊಂದನ್ನು ಮಾರಿ, ಯಾರೋ ಬಳಸಿ ಬಿಟ್ಟಿದ್ದ ಲ್ಯಾಪ್‌ಟಾಪನ್ನು ತಂದುಕೊಟ್ಟರು.

ಪೈಥಾನ್ ಎಂದರೆ ಹೆಬ್ಬಾವು. ಆದರೆ ಈ ಭಾಷೆಗೆ ಹೆಸರು ಬಂದದ್ದು ಹಾವಿನಿಂದಲ್ಲ. ನೆದರ್‌ಲೆಂಡ್ಸಿನ ಗೀಡೊ ವಾನ್ ರಾಸಮ್ ಎಂಬವರು ೧೯೮೯ರ ಕೊನೆಯಲ್ಲಿ ಇದನ್ನು ಕಟ್ಟಲಾರಂಭಿಸಿ ೧೯೯೧ರಲ್ಲಿ ಹೊರಗೆ ಬಿಟ್ಟರು. ತಾವು ಮೆಚ್ಚಿದ್ದ ಮಾಂಟಿ ಪೈಥಾನ್ ಎಂಬ ಹಾಸ್ಯತಂಡದ ಹೆಸರನ್ನಿಟ್ಟರು. ನನ್ನ ಪಾಲಿಗೆ ಮಾತ್ರ ಅದು ಹುತ್ತ ಹೊಕ್ಕ ಹಾವೇ ಆಯಿತು.

ಹೇಳಿದಂತೆ ಭಾಷೆಯನ್ನು ಇಳಿಸಿಕೊಂಡೆ. ಕೋಷ್ಟಕಗಳ ಕೆಲಸಕ್ಕೆ ಬೇಕಾದ ಪಾಂಡಾಸ್ ಎಂಬ ಸಲಕರಣೆಯನ್ನೂ ಕಪ್ಪು ತೆರೆಯಲ್ಲಿ "ಪಿಪ್ ಇನ್‌ಸ್ಟಾಲ್ ಪಾಂಡಾಸ್" ಎಂದು ಬರೆದು ತರಿಸಿಕೊಂಡೆ. ಸುಸೂತ್ರವಾಗಿ ಸೇರಿತೆಂದು ಯಂತ್ರವೇ ವರದಿ ಮಾಡಿತು. ಆದರೆ ಐಡಲ್ ಎಂಬ ಬರೆಯುವ ಕಿಟಕಿಯನ್ನು ತೆರೆದು ಪಾಂಡಾಸನ್ನು ಕರೆದರೆ, ಅಂಥ ಹೆಸರಿನದು ಇಲ್ಲಿಲ್ಲವೆಂದು ಕೆಂಪಕ್ಷರದ ಉತ್ತರ! ಮತ್ತೆ ತರಿಸಹೋದರೆ ಆಗಲೇ ಇದೆ ಎಂದಿತು. ಮತ್ತೆ ಕರೆದರೆ ಇಲ್ಲ ಎಂದಿತು. ಸಿ ಡ್ರೈವನ್ನು ತೆರೆದು ನೋಡಿದೆ. ಪೈಥಾನ್ ಹೆಸರಿನ ಫೋಲ್ಡರು ಕಣ್ಣೆದುರಿಗೇ ಇತ್ತು. ಅದರ ಹೊಟ್ಟೆಯಲ್ಲಿ ಪಾಂಡಾಸೂ ಇತ್ತು. ಇರುವುದನ್ನು ಇಲ್ಲವೆನ್ನುವ ಯಂತ್ರ ಕೆಟ್ಟದ್ದಲ್ಲದೆ ಮತ್ತೇನು?

ಹಾಗೆಂದು ಅಪ್ಪನಿಗೆ ಫೋನಿನಲ್ಲಿ ಹೇಳಿಯೂಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾನೇ ನಾಲ್ಕು ಜನರನ್ನ ಕೇಳಿ ತರಬೇಕಿತ್ತು ಮಗಾ. ಸೋಮವಾರ ಬರ್ತೀನಿ, ವಾಪಸ್ ಕೊಡೋಣ" ಎಂದರು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ.

ಮರುದಿನ ಕಾಲೇಜಿನ ಗಣಕ ಕೊಠಡಿಯ ಸಹಾಯಕರು ನನ್ನ ಮುಖ ನೋಡಿ, "ಏನಪ್ಪಾ, ಏನ್ ಕಳ್ಕೊಂಡಿದ್ದೀಯ?" ಎಂದರು. ಕಥೆಯನ್ನೆಲ್ಲ ಹೇಳಿದೆ. "ಊರೆಲ್ಲ ಹುಡುಕಿದ್ದಾಯ್ತು. ಎಲ್ಲಿದ್ದೀಯಾ ಅಂತ ಅದನ್ನೇ ಕೇಳಿದ್ಯಾ?" ಎಂದು ನಕ್ಕರು.

ಅವರು ಐಡಲ್ ಕಿಟಕಿಯಲ್ಲಿ ಎರಡು ಸಾಲು ಬರೆಸಿದರು: "ಇಂಪೋರ್ಟ್ ಸಿಸ್", ಆಮೇಲೆ "ಪ್ರಿಂಟ್" ಎಂದು ಆವರಣದೊಳಗೆ "ಸಿಸ್ ಡಾಟ್ ಎಕ್ಸಿಕ್ಯೂಟಬಲ್". ಕೂಡಲೇ ಪೂರ್ತಿ ವಿಳಾಸ ಬಂದಿತು: ಸಿ ಡ್ರೈವ್, ಯೂಸರ್ಸ್, ನನ್ನ ಹೆಸರು, ಆಪ್‌ಡೇಟಾ, ಲೋಕಲ್, ಪ್ರೋಗ್ರಾಮ್ಸ್, ಪೈಥಾನ್, ಅದರೊಳಗೆ ಪೈಥಾನ್೩೧೨. ಆಪ್‌ಡೇಟಾ ಎಂಬುದು ವಿಂಡೋಸ್ ಸಾಮಾನ್ಯವಾಗಿ ಮರೆಯಾಗಿಯೇ ಇಡುವ ಫೋಲ್ಡರು; ಬರಿಗಣ್ಣಿನ ಹುಡುಕಾಟಕ್ಕೆ ಸಿಕ್ಕುವುದಿಲ್ಲ. ಬಳಿಕ ಕಪ್ಪು ತೆರೆಯಲ್ಲಿ "ವೇರ್ ಪೈಥಾನ್" ಎಂದು ಕೇಳಿಸಿದರು. ಅಲ್ಲಿ ಬಂದ ವಿಳಾಸವೇ ಬೇರೆ: ನಾನು ನೋಡಿದ್ದ ಪೈಥಾನ್೩೮, ಹಿಂದಿನ ಯಜಮಾನರು ಬಿಟ್ಟುಹೋದದ್ದು!

ಒಂದೇ ಹೆಸರಿನ ಇಬ್ಬರು ಒಂದೇ ಊರಿನಲ್ಲಿದ್ದರು. ಅಂಚೆಯವನು ಹಳಬನ ಮನೆಗೇ ಪಾರ್ಸೆಲು ಕೊಡುತ್ತಿದ್ದ. ವಿಂಡೋಸಿನಲ್ಲಿ ಪಾಥ್ ಎಂಬ ಪಟ್ಟಿಯೊಂದಿದೆಯಂತೆ. ಕಪ್ಪು ತೆರೆಯಲ್ಲಿ ಕರೆದ ಹೆಸರನ್ನು ಯಂತ್ರವು ಆ ಪಟ್ಟಿಯ ಫೋಲ್ಡರುಗಳಲ್ಲಿ ಕ್ರಮವಾಗಿ ಹುಡುಕಿ, ಮೊದಲು ಸಿಕ್ಕಿದ್ದನ್ನು ಎಬ್ಬಿಸುತ್ತದೆ. ಹೊಸದನ್ನು ಸೇರಿಸುವಾಗ ಪಾಥ್‌ಗೆ ಸೇರಿಸಬೇಕೇ ಎಂದು ಕೇಳುವ ಪುಟ್ಟ ಚೌಕಕ್ಕೆ ನಾನು ಗುರುತು ಹಾಕಿರಲಿಲ್ಲ. ಐಡಲ್ ಹೊಸ ಮನೆಯದು, ಪಿಪ್ ಹಳೆಯ ಮನೆಯದು. ಇಬ್ಬರೂ ಸತ್ಯವನ್ನೇ ನುಡಿದಿದ್ದರು. "ಪೈ" ಎಂಬ ಆಜ್ಞೆಯೊಡನೆ ೩.೧೨ ಎಂದು ಮನೆಯ ಗುರುತು ಹೇಳಿ ಪಾಂಡಾಸನ್ನು ತರಿಸಿದೊಡನೆ ಕೆಂಪಕ್ಷರ ಮಾಯವಾಯಿತು.

ಸಂಜೆ ಊರಿಗೆ ಫೋನು ಮಾಡಿದೆ. "ಯಂತ್ರ ಕೆಟ್ಟಿರಲಿಲ್ಲ ಅಪ್ಪಾ, ನನಗೇ ತಿಳಿದಿರಲಿಲ್ಲ" ಎಂಬ ಒಂದು ಮಾತನ್ನು ಹೇಳಲು ಅದೆಷ್ಟು ಕಷ್ಟವಾಯಿತು! ಅಪ್ಪ ಬೈಯುತ್ತಾರೆಂದುಕೊಂಡಿದ್ದೆ. "ಸಿಕ್ತಲ್ಲ, ಬಿಡು. ಊಟ ಆಯ್ತಾ?" ಎಂದರು.

ಪ್ರಬಂಧ ಸಕಾಲಕ್ಕೆ ಮುಗಿಯಿತು. ಈಗಲೂ ಏನಾದರೂ ಕೈಗೆ ಸಿಕ್ಕದಿದ್ದಾಗ, ಕೆಟ್ಟಿದೆ ಎನ್ನುವ ಮುನ್ನ ಒಮ್ಮೆ ಕಂಕುಳನ್ನು ತಡವಿ ನೋಡಿಕೊಳ್ಳುತ್ತೇನೆ.