ಅಜ್ಜಿ ಸೆರಗು ತಿರುವಿ ನೋಡಿದಳು

ಅಕ್ಕನ ಮದುವೆಗೆಂದು ಇಳಕಲ್ ಸೀರೆ ತಂದಿದ್ದೆವು. ಅಗ್ಗಕ್ಕೆ ಸಿಕ್ಕಿತೆಂಬ ಖುಷಿ ಬೇರೆ. ಅಜ್ಜಿ ಸೆರಗನ್ನು ಒಳಮಗ್ಗುಲಿಗೆ ತಿರುವಿ, ಬೆರಳಾಡಿಸಿ, "ಇದಕ್ಕ ಕೊಂಡಿ ಎಲ್ಲೈತಿ?" ಅಂದಳು. ನಮಗೆ ಕೊಂಡಿ ಎಂದರೇನೆಂದೇ ಗೊತ್ತಿರಲಿಲ್ಲ. ಅವಳ ತವರು ಇಳಕಲ್ ಸೀಮೆ.

ಮುಂದಿನ ವಾರ ನಾವು ಅಣ್ಣತಮ್ಮಂದಿರು ಅಜ್ಜಿಯನ್ನು ಕರೆದುಕೊಂಡು ಹೊರಟೆವು. ಕಂಪ್ಲಿ ಸೇತುವೆ ದಾಟಿ ಗಂಗಾವತಿ, ಅಲ್ಲಿಂದ ಕುಷ್ಟಗಿ, ಆಮೇಲೆ ಇಳಕಲ್. ತುಂಗಭದ್ರಾ ಜಲಾಶಯದಿಂದ ಜಾಸ್ತಿ ನೀರು ಬಿಟ್ಟರೆ ನಮ್ಮ ಸೇತುವೆ ಮುಳುಗುತ್ತದೆ, ಅವತ್ತು ಪುಣ್ಯಕ್ಕೆ ದಾರಿ ಇತ್ತು. ನಮ್ಮ ಕಡೆ ವಿಜಯನಗರ ಕಾಲದ ಕಾಲುವೆ, ಭತ್ತ, ಕಬ್ಬು, ಬಾಳೆ. ಕುಷ್ಟಗಿ ಹತ್ತಿರ ಬಂದಂತೆ ಹಸಿರು ತೆಳುವಾಗಿ ಜೋಳದ ಹೊಲ, ಕಲ್ಲುನೆಲ. ಇಳಕಲ್ಲಿನ ಕೆಂಪು ಗ್ರಾನೈಟ್ ದೇಶದಾಚೆಗೂ ಹೋಗುತ್ತದೆ. ಮಳೆಯನ್ನೇ ನಂಬಿದ ಇಂಥ ನೆಲದಲ್ಲಿ ಮಗ್ಗವೇ ಎಷ್ಟೋ ಮನೆಗಳ ಎರಡನೇ ಹೊಲ.

ಅಜ್ಜಿಯ ಪರಿಚಯದ ಮನೆಯಲ್ಲಿ ಕುಣಿಮಗ್ಗ ಇತ್ತು. ನೇಕಾರರು ಕುಣಿಯೊಳಗೆ ಕಾಲಿಳಿಬಿಟ್ಟು ಕೂತಿದ್ದರು. ಕೊಂಡಿ ಅಲ್ಲಿ ಕಣ್ಣಾರೆ ಕಂಡಿತು. ಇಳಕಲ್ ಸೀರೆಯ ಮೈಗೆ ಒಂದು ಹಾಸು, ಸೆರಗಿಗೆ ಇನ್ನೊಂದು ಹಾಸು. ಮೈಯದು ಸಾಮಾನ್ಯವಾಗಿ ಹತ್ತಿ, ಸೆರಗಿನದು ಕೆಂಪು ರೇಷ್ಮೆ ಅಥವಾ ಕೃತಕ ರೇಷ್ಮೆ. ಮೈಯ ಎಳೆಯ ಕುಣಿಕೆಗೆ ಸೆರಗಿನ ಎಳೆಯ ಕುಣಿಕೆ ಸಿಕ್ಕಿಸುತ್ತಾರೆ. ಹೀಗೆ ಸಾವಿರಾರು ಎಳೆ, ಎಲ್ಲಾ ಕೈಯಲ್ಲೇ. ಒಂದೇ ಉದ್ದನೆಯ ಹಾಸು ಹಾಕಿ ಹತ್ತು ಸೀರೆ ನೇಯ್ದು ಕತ್ತರಿಸಿಕೊಳ್ಳಲು ಇಲ್ಲಿ ಬರುವುದಿಲ್ಲ. ಪ್ರತಿ ಸೀರೆಗೂ ಹೊಸದಾಗಿ ಹಾಸು ಕೂಡಿಸಬೇಕು.

ನಾವು ತಂದ ಸೀರೆಯಲ್ಲಿ ಮೈಯ ಹಾಸಿನ ಎಳೆಯೇ ಸೆರಗಿನ ತುದಿತನಕ ಓಡಿತ್ತು. ಮೇಲೆ ಕೆಂಪು ಹೊಕ್ಕು ಹೊಡೆದು ಸೆರಗೆಂದು ತೋರಿಸಿದ್ದರು. ನೀವೂ ಮನೆಯಲ್ಲಿರುವ ಸೀರೆ ತೆಗೆದು ಮೈ-ಸೆರಗು ಸೇರುವ ಗೆರೆಯನ್ನು ಹಿಂಬದಿಯಿಂದ ನೋಡಿ.

ಸೆರಗಿನ ಚಿತ್ತಾರದ ಹೆಸರು ಕೇಳಿ ನಮಗೆ ನಗು ಬಂತು. ಹನಿಗೆ ಅಂದರೆ ಬಾಚಣಿಕೆ. ಕೋಟಿ ಕಮ್ಲಿ ಅಂದರೆ ಕೋಟೆಯ ತೆನೆ. ತೋಪು ತೆನಿ ಅಂದರೆ ಜೋಳದ ತೆನೆ. ರಂಪ ಅಂದರೆ ಬೆಟ್ಟಸಾಲು. ಬಸ್ಸಿನ ಕಿಟಕಿಯಲ್ಲಿ ಕಂಡದ್ದೆಲ್ಲ ಸೆರಗಿನಲ್ಲೇ ಇತ್ತು! ಕೋಟೆ ಮಾತ್ರ ನಮಗೆ ಕಂಪ್ಲಿಯದೇ ನೆನಪಾಯಿತು.

ಇಳಕಲ್ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಕೈಮಗ್ಗದವರಿಗೆಂದೇ ಕೆಲವು ಬಟ್ಟೆಗಳನ್ನು ಮೀಸಲಿಟ್ಟ ಕಾಯ್ದೆ 1985ರಲ್ಲೇ ಬಂದಿದೆ. ಆದರೂ ನಾವು ಮೋಸ ಹೋದೆವು. ಅಂಗಡಿಯವನನ್ನು ಬೈದುಕೊಂಡೆವು ನಿಜ, ಆದರೆ ಅಗ್ಗದ್ದೇ ಕೊಡಿ ಎಂದು ಕೇಳಿದವರು ನಾವೇ.

ಆ ಮನೆಯಲ್ಲೂ ಬಾಯಿ ಸುಮ್ಮನಿರಲಿಲ್ಲ. ನೇಕಾರರು ಬೆಲೆ ಹೇಳಿದ ಕೂಡಲೇ ಚೌಕಾಸಿ ಶುರು ಮಾಡಿದೆವು. ಅಜ್ಜಿ ಕಣ್ಣು ಕೆಕ್ಕರಿಸಿದಳು. ನೂಲು ಸುತ್ತಿದ್ದು, ಕೊಂಡಿ ಹಾಕಿದ್ದು ಹೆಂಡತಿ ಮತ್ತು ಸೊಸೆ. ಅವರ ಕೂಲಿ ಎಷ್ಟು ಹಿಡಿದಿದ್ದೀರಿ ಎಂದು ಕೇಳಿದೆವು. ನೇಕಾರರು, "ಅದನ್ಯಾರು ಲೆಕ್ಕಾ ಇಡತಾರ್ರೀ" ಎಂದರು. ಸೊಸೆ ತಲೆ ಎತ್ತಲಿಲ್ಲ, ಕುಣಿಕೆ ಸಿಕ್ಕಿಸುತ್ತಲೇ ಇದ್ದಳು.

ಹೇಳಿದಷ್ಟೇ ಕೊಟ್ಟು, ದಾಳಿಂಬೆ ಬಣ್ಣದ ಸೀರೆ ಕಟ್ಟಿಸಿಕೊಂಡೆವು. ಹೊರಡುವಾಗ ಮನೆಯೊಡತಿ ನೀರು ಕೊಟ್ಟು, "ನಿಮ್ಮ ಹೊಳ್ಯಾಗ ಈ ಸಲ ನೀರು ಚಲೋ ಬಂದಾವಂತಲ್ಲ?" ಎಂದು ಕೇಳಿದರು.